ಗಾಣದ ವೇಗ, ಕೊಪ್ಪರಿಗೆಯ ಅಳತೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮೊದಲೆಲ್ಲ ಹಬ್ಬಹರಿದಿನಗಳ ನಿರ್ಣಯ, ಲಿಂಗದೀಕ್ಷೆಯ ವಿಧಿ, ಗೃಹಪ್ರವೇಶದ ಕ್ರಮ ಮುಂತಾದವುಗಳ ಬಗೆಗಿನ ಪ್ರಶ್ನೆಗಳೇ ಹೆಚ್ಚಾಗಿರುತ್ತಿದ್ದವು. ಈಚೆಗೆ ಬೇರೊಂದು ಬಗೆಯ ಪತ್ರಗಳು ಬರತೊಡಗಿವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಸದ್ಭಕ್ತರ ಮನೆಗಳಿಂದ ಬಂದ ಅಂತಹ ಪತ್ರಗಳನ್ನು ಒಟ್ಟಿಗಿರಿಸಿ ಓದಿದಾಗ, ಒಕ್ಕಣೆ ಬೇರೆಯಾದರೂ ಅಳಲು ಒಂದೇ ಎಂಬುದು ತಿಳಿಯಿತು. ಮಗನೋ ಮಗಳೋ ಬೆಂಗಳೂರಿನ ಇಲ್ಲವೆ ಮೈಸೂರಿನ ತಂತ್ರಾಂಶ ಸಂಸ್ಥೆಯೊಂದರಲ್ಲಿ ಅಭಿಯಂತರರು. ಬೆಳಿಗ್ಗೆ ಗಣಕಯಂತ್ರದ ಮುಂದೆ ಕುಳಿತವರು ರಾತ್ರಿ ಹನ್ನೊಂದಾದರೂ ಏಳುವುದಿಲ್ಲ. ಇಷ್ಟಾಗಿಯೂ ಕೆಲಸ ಮುಗಿಯಲಿಲ್ಲವೆಂಬ ಮೇಲಿನವರ ಆಕ್ಷೇಪಣೆ ತಪ್ಪಿದ್ದಲ್ಲ. ಇಷ್ಟು ದುಡಿದರೂ ಮುಗಿಯದ ಕೆಲಸ ಅದಾವುದು, ದೋಷವಿರುವುದು ದುಡಿಯುವವರಲ್ಲೋ ದುಡಿಸುವ ಕ್ರಮದಲ್ಲೋ ಎಂಬುದು ಪತ್ರ ಬರೆದವರ ಪ್ರಶ್ನೆ.

ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಿಲ್ಲ. ಕಾಯಕವೆಂಬ ಶಬ್ದವನ್ನು ಉಸಿರಿನಷ್ಟೇ ಸಹಜವಾಗಿ ಬಳಸುವ ಮನೆಗಳಿವು. ಹೆಚ್ಚು ದುಡಿದರೆ ಹೆಚ್ಚು ಫಲವೆಂಬುದು ಇಲ್ಲಿ ತಲೆತಲಾಂತರದ ನಂಬಿಕೆ. ಕಳೆ ಕೀಳುವ ಗದ್ದೆಯಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಆದುದರಿಂದ ಮಗಳು ಹದಿನಾಲ್ಕು ಗಂಟೆ ದುಡಿದಳೆಂದರೆ ತಂದೆಗೆ ಒಳಗೊಳಗೇ ಹೆಮ್ಮೆ. ತಾಯಿಗೆ ಮಾತ್ರ ಅವಳ ಕಣ್ಣಿನ ಕೆಳಗಿನ ಕಪ್ಪು ಕಾಣಿಸುತ್ತದೆ. ಇಬ್ಬರೂ ನೋಡುತ್ತಿರುವುದು ಒಂದೇ ಮುಖವನ್ನು.

ನಾವು ಓದಿದ್ದು ಮಠದ ಪಾಠಶಾಲೆಯಲ್ಲಿ, ವ್ಯಾಕರಣವನ್ನೂ ತರ್ಕವನ್ನೂ. ಗಣಕಯಂತ್ರದ ವಿದ್ಯೆ ನಮ್ಮದಲ್ಲ. ಆದರೂ ದೀಪಾವಳಿಗೂ ಯುಗಾದಿಗೂ ಊರಿಗೆ ಬರುವ ತರುಣ ತರುಣಿಯರನ್ನು ಹತ್ತಿರ ಕೂರಿಸಿಕೊಂಡು ವಿಚಾರಿಸಿದೆವು, ಅವರು ಹೇಳಿದ ಪುಸ್ತಕಗಳ ಸಾರವನ್ನು ಓದಿಸಿ ಕೇಳಿದೆವು. ತಂತ್ರಾಂಶವೆಂಬುದು ಯಂತ್ರ ತಯಾರಿಕೆಗಿಂತ ಗ್ರಂಥಸಂಪಾದನೆಗೆ ಹೆಚ್ಚು ಸಮೀಪದ ಕೆಲಸವೆಂದು ನಮಗೆ ತೋರಿತು. ನಾಲ್ಕು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರ ಗುರುತಿಸುವಾಗ ಒಬ್ಬನು ಓದುತ್ತಾನೆ, ಒಬ್ಬನು ಬರೆಯುತ್ತಾನೆ, ಮತ್ತೊಬ್ಬನು ತಾಳೆ ನೋಡುತ್ತಾನೆ. ನಾಲ್ಕು ಪಾಠಗಳೂ ಮನಸ್ಸಿನಲ್ಲಿ ಏಕಕಾಲಕ್ಕೆ ನಿಂತಿರುವಾಗ ಯಾರಾದರೂ ಬಂದು ಪ್ರಸಾದಕ್ಕೆ ಎಷ್ಟು ಜನವೆಂದು ಕೇಳಿದರೆ ಸಾಕು, ಹಿಡಿದ ಎಳೆ ಕಡಿದು ಪದ್ಯವನ್ನು ಮೊದಲಿನಿಂದ ಹಿಡಿಯಬೇಕಾಗುತ್ತದೆ. ಕೇಳಿದವನು ಕಳೆದದ್ದು ಅರ್ಧ ನಿಮಿಷವಾದರೆ ಸಂಪಾದಕನು ಕಳೆದುಕೊಂಡದ್ದು ಅರ್ಧ ಗಂಟೆ.

ತಂತ್ರಾಂಶದ ತಂಡದಲ್ಲಿಯೂ ಇಂತಹ ಹಲವು ಕೈಗಳಿವೆ. ಬಳಸುವ ಜನರಿಗೆ ಬೇಕಾದುದೇನೆಂದು ನಿರ್ಣಯಿಸುವವರು, ಅದರ ರೂಪರೇಖೆ ಬರೆಯುವವರು, ಸಂಕೇತಗಳಲ್ಲಿ ರಚಿಸುವವರು, ರಚಿಸಿದ್ದನ್ನು ಓದಿ ಒಪ್ಪುವವರು, ಪರೀಕ್ಷಿಸುವವರು, ಕೊನೆಗೆ ಬಳಕೆಗೆ ಬಿಡುವವರು. ಒಂದು ಸಣ್ಣ ಕೆಲಸವೂ ಈ ಎಲ್ಲ ಕೈಗಳನ್ನು ದಾಟಿಯೇ ಹೊರಬರಬೇಕು. ಕೆಲಸ ತಡವಾಗುವುದು ಯಾವ ಕೈಯಲ್ಲಿ ಎಂದು ಕೇಳಿದರೆ ಬಹಳ ಸಲ ಉತ್ತರ ವಿಚಿತ್ರವಾಗಿರುತ್ತದೆ. ಅದು ಯಾವ ಕೈಯಲ್ಲೂ ತಡವಾಗುವುದಿಲ್ಲ. ಒಂದು ಕೈಗೂ ಮತ್ತೊಂದು ಕೈಗೂ ನಡುವೆ ಕಾಯುತ್ತ ಕೂರುತ್ತದೆ.

ಇದನ್ನು ಅರಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಪಾಂಡವಪುರ, ಕೃಷ್ಣರಾಜಪೇಟೆಗಳ ಕಡೆ ಆಲೆಮನೆಯನ್ನು ನೋಡದವರು ಯಾರು? ಒಂದು ಕಡೆ ಗಾಣ, ಮತ್ತೊಂದು ಕಡೆ ಒಲೆಯ ಮೇಲೆ ಕೊಪ್ಪರಿಗೆ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬರಬೇಕು. ಅಲ್ಲಿ ಕುದಿದು, ನೊರೆ ತೆಗೆಸಿಕೊಂಡು, ಹದವಾದ ಪಾಕವಾಗಿ, ದೋಣಿಗೆ ಇಳಿದು, ಅಚ್ಚಿಗೆ ಬಿದ್ದರೆ ಅದು ಬೆಲ್ಲ. ಕೊಪ್ಪರಿಗೆ ಒಂದು ಸಲಕ್ಕೆ ತನ್ನ ಅಳತೆಯಷ್ಟನ್ನೇ ಬೇಯಿಸುತ್ತದೆ. ಅದನ್ನು ಬೈದು ಅವಸರಪಡಿಸಲು ಬರುವುದಿಲ್ಲ. ಉರಿ ಹೆಚ್ಚಿಸಿದರೆ ತಳ ಹಿಡಿಯುತ್ತದೆ. ಈಗ ಆಲೆಮನೆಯ ಯಜಮಾನನು ಎತ್ತಿನ ಗಾಣವನ್ನು ಬಿಟ್ಟು ಎರಡು ಪಟ್ಟು ವೇಗದ ಯಂತ್ರದ ಗಾಣವನ್ನು ತಂದು, ಕೊಪ್ಪರಿಗೆಯನ್ನು ಇದ್ದಂತೆಯೇ ಬಿಟ್ಟನೆಂದು ಇಟ್ಟುಕೊಳ್ಳಿ. ಬೆಲ್ಲ ಹೆಚ್ಚುವುದೇ? ಹಾಲು ಹೆಚ್ಚುತ್ತದೆ. ಹೆಚ್ಚಿದ ಹಾಲು ತೊಟ್ಟಿಯಲ್ಲಿ ಕಾಯುತ್ತದೆ. ಕಾದ ಹಾಲು ಹುಳಿಯುತ್ತದೆ. ಹುಳಿತ ಹಾಲಿನಿಂದ ಮಾಡಿದ ಬೆಲ್ಲ ಕಪ್ಪಾಗಿ, ಗಟ್ಟಿಯಾಗದೆ, ಮಂಡ್ಯದ ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ. ಗಾಣದ ಮುಂದಿರುವವನು ಬೆವರು ಸುರಿಸಿ ಹಗಲಿರುಳು ದುಡಿದದ್ದು ನಿಜ. ಅವನ ದುಡಿಮೆಯೇ ಹುಳಿಗೆ ಕಾರಣವಾಯಿತೆಂದು ಅವನಿಗೆ ಹೇಳುವವರು ಯಾರು?

ಹುಳಿಯುವುದೆಂದರೆ ತಂತ್ರಾಂಶದಲ್ಲಿ ಏನೆಂದು ಕೇಳಿದೆವು. ಬರೆದು ಮೂರು ವಾರ ಒಪ್ಪಿಗೆಗಾಗಿ ಕಾದ ರಚನೆಯನ್ನು ಕೊನೆಗೆ ಯಾರಾದರೂ ಓದಿ ತಪ್ಪು ತೋರಿಸುವ ವೇಳೆಗೆ ಬರೆದವರಿಗೇ ಅದು ಮರೆತಿರುತ್ತದಂತೆ. ಅಷ್ಟರಲ್ಲಿ ಸುತ್ತಲಿನ ಉಳಿದ ರಚನೆಗಳು ಬದಲಾಗಿ ಅದು ಅವುಗಳಿಗೆ ಹೊಂದುವುದಿಲ್ಲವಂತೆ. ಕೆಲವು ಸಲ ಕೇಳಿದ ಗ್ರಾಹಕನಿಗೇ ಅದು ಬೇಡವಾಗಿರುತ್ತದೆ.

ಇದಕ್ಕೆ ಒಂದು ಲೆಕ್ಕವೂ ಉಂಟು. ಅಮೆರಿಕದ ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವಿದು, ಅತ್ಯಂತ ಸರಳ. ತಂಡವೊಂದು ಸರಾಸರಿ ವಾರಕ್ಕೆ 5 ಕೆಲಸಗಳನ್ನು ಮುಗಿಸುತ್ತದೆ ಎನ್ನೋಣ. ಅದರ ಕೈಯಲ್ಲಿ ಏಕಕಾಲಕ್ಕೆ 40 ಕೆಲಸಗಳು ಅರೆಬರೆಯಾಗಿ ಬಿದ್ದಿದ್ದರೆ ಒಂದು ಕೆಲಸ ಒಳಬಂದು ಹೊರಹೋಗಲು ಸರಾಸರಿ 8 ವಾರ ಬೇಕು. ಅದೇ ತಂಡ ಕೈಯಲ್ಲಿ 10ನ್ನು ಮಾತ್ರ ಇಟ್ಟುಕೊಂಡರೆ 2 ವಾರ ಸಾಕು. ಯಾರೂ ಒಂದು ಗಂಟೆ ಹೆಚ್ಚು ದುಡಿಯಲಿಲ್ಲ. ಗ್ರಾಹಕನಿಗೆ ಮಾತ್ರ ಎಂಟು ವಾರದ ಬದಲು ಎರಡು ವಾರದಲ್ಲಿ ಉತ್ತರ ಸಿಕ್ಕಿತು.

ಕಬ್ಬು ಬೆಳೆಯುವವರಿಗೆ ಈ ಮಾತು ಹೊಸದಲ್ಲ. ಪಾಂಡವಪುರದ ಕಾರ್ಖಾನೆಗಾಗಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆಗಾಗಲಿ ಕಬ್ಬು ಒಪ್ಪಿಸುವವರು ಕಟಾವು ಆದೇಶ ಬರುವವರೆಗೆ ಕತ್ತಿ ಹಿಡಿಯುವುದಿಲ್ಲ. ಕಡಿದ ಕಬ್ಬು ಗಾಡಿಯ ಮೇಲೆ ಬಿಸಿಲಿಗೆ ನಿಂತರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಅರೆಯುವ ಶಕ್ತಿ ಎಷ್ಟೋ ಅಷ್ಟೇ ಕಟಾವು. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಎಂಬ ಅಭಿಯಂತರರು ರೂಪಿಸಿದ 'ಕಾನ್‌ಬಾನ್' ಎಂಬ ಚೀಟಿಯ ಪದ್ಧತಿಯ ತಿರುಳೂ ಇದೇ. ಮುಂದಿನವನು ಕೇಳುವವರೆಗೆ ಹಿಂದಿನವನು ತಯಾರಿಸಬಾರದು. ಆ ಟೊಯೋಟಾದವರೇ ಕಿರ್ಲೋಸ್ಕರರೊಡನೆ ಸೇರಿ ನಡೆಸುವ ಕಾರ್ಖಾನೆ 1999ರಿಂದ ನಮ್ಮ ಬೆಂಗಳೂರು ರಸ್ತೆಯ ಬಿಡದಿಯಲ್ಲಿಯೇ ವಾಹನ ತಯಾರಿಸುತ್ತಿದೆ. ಈ ಚೀಟಿಯ ಪದ್ಧತಿಯನ್ನು ಈ ಶತಮಾನದ ಮೊದಲ ದಶಕದಲ್ಲಿ ತಂತ್ರಾಂಶದವರು ಎರವಲು ಪಡೆದರು. ಈಗ ನಮ್ಮ ಮಕ್ಕಳ ಕಚೇರಿಗಳ ಗೋಡೆಗಳ ಮೇಲೆ, ಇಲ್ಲವೆ ಪರದೆಗಳ ಮೇಲೆ, ಬಣ್ಣಬಣ್ಣದ ಚೀಟಿಗಳು ತೂಗುತ್ತವೆ. ಚೀಟಿಗಳನ್ನು ಅಂಟಿಸಿದವರು ಬಹಳ, ಅವುಗಳ ಸಂಖ್ಯೆಗೆ ಮಿತಿ ಹಾಕಿದವರು ಕಡಿಮೆ ಎಂದು ಒಬ್ಬ ತರುಣನು ನಗುತ್ತ ಹೇಳಿದನು. ಮಿತಿಯಿಲ್ಲದ ಮೇಲೆ ಅದು ಗೋಡೆಗೆ ಅಲಂಕಾರವಷ್ಟೆ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹಿಂದಕ್ಕೆ ಕಳುಹಿದ ಪ್ರಸಂಗ ನಮ್ಮ ಮನೆಗಳ ಶಿಶುಗಳಿಗೂ ಗೊತ್ತು. ಅದನ್ನು ಆಸೆಯ ನಿಗ್ರಹದ ಕಥೆಯಾಗಿ ಹೇಳುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ತಂಡವೊಂದನ್ನು ನಡೆಸುವ ಶ್ರೀರಂಗಪಟ್ಟಣದ ಒಬ್ಬ ಭಕ್ತೆ ಇದನ್ನು ಕೇಳಿ, ಪ್ರತಿ ತಂಡಕ್ಕೂ ಒಬ್ಬ ಲಕ್ಕಮ್ಮ ಬೇಕು, ತಮ್ಮಲ್ಲಿ ಇರುವವರೆಲ್ಲ ಮಾರಯ್ಯಗಳೇ ಎಂದರು.

ಶ್ರೀರಂಗಪಟ್ಟಣದ ಮಾತು ಬಂದುದರಿಂದ ಅಲ್ಲಿಯದೇ ಒಂದು ಸಂಗತಿ. ಬೆಂಗಳೂರು ಮೈಸೂರು ನಡುವಣ ರೈಲು ಮಾರ್ಗವನ್ನು ಜೋಡಿಮಾರ್ಗ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಹಳಿಗೆ ಅಡ್ಡವಾಗಿತ್ತು. ಪುರಾತನ ಸ್ಮಾರಕ, ಕೆಡವುವಂತಿಲ್ಲ. ಅಕ್ಕಪಕ್ಕದ ಮಾರ್ಗ ಸಿದ್ಧವಾಗಿದ್ದರೂ ಈ ಒಂದು ಸಣ್ಣ ತುಂಡು ಬಹುಕಾಲ ಹಾಗೆಯೇ ಉಳಿಯಿತು. ಕೊನೆಗೆ 2017ರ ಮಾರ್ಚ್ ತಿಂಗಳಲ್ಲಿ ಆ ಕಟ್ಟಡವನ್ನು ಇಡಿಯಾಗಿಯೇ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ನೋಡಲು ಊರಿಗೆ ಊರೇ ನೆರೆದಿತ್ತು. ಮದ್ದಿನ ಮನೆ ಸರಿಯುವವರೆಗೆ ಮದ್ದೂರಿನಲ್ಲಿ ಎಷ್ಟು ಹಳಿ ಹಾಕಿದರೇನು? ತಂಡದಲ್ಲಿ ಅಂತಹ ಮದ್ದಿನ ಮನೆ ಯಾವುದೆಂದು ಹುಡುಕುವುದು ಮುಖ್ಯಸ್ಥನ ಮೊದಲ ಕೆಲಸ. ಬಹಳ ಕಡೆ ಅದು ಒಬ್ಬ ಹಿರಿಯ ಅಭಿಯಂತರನ ಒಪ್ಪಿಗೆ. ಎಲ್ಲರ ರಚನೆಯೂ ಅವನ ಮೇಜಿನ ಮೇಲೆ ಕಾಯುತ್ತಿರುತ್ತದೆ, ಅವನು ದಿನವಿಡೀ ಸಭೆಗಳಲ್ಲಿರುತ್ತಾನೆ.

ಇನ್ನು ಗಂಟೆಗಳ ವಿಚಾರ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಅಭಿಪ್ರಾಯಪಟ್ಟದ್ದು, ಅದರ ಮೇಲೆ ನಡೆದ ಚರ್ಚೆ ವಾಚಕರಿಗೆ ನೆನಪಿರಬಹುದು. 2024ರ ಜುಲೈ ತಿಂಗಳಲ್ಲಿ ಈ ವಲಯದ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ಕೊಡುವ ಪ್ರಸ್ತಾಪವೊಂದು ನಮ್ಮ ರಾಜ್ಯ ಸರ್ಕಾರದ ಮುಂದೆ ಬಂದು, ನೌಕರರ ಸಂಘದ ತೀವ್ರ ವಿರೋಧಕ್ಕೆ ಗುರಿಯಾಯಿತು. ನಾರಾಯಣಮೂರ್ತಿಯವರ ಪರಿಶ್ರಮವನ್ನು ನಾವು ಗೌರವಿಸುತ್ತೇವೆ. ಸಂಸ್ಥೆಯನ್ನು ಕಟ್ಟಿದವರು ತಮ್ಮ ಸಂಸ್ಥೆಗಾಗಿ ದುಡಿದುದು ಒಂದು ವಿಚಾರ, ಸಂಬಳಕ್ಕಿರುವ ಇಪ್ಪತ್ತೈದರ ಹುಡುಗಿ ಮತ್ತೊಬ್ಬರ ಗಡುವಿಗಾಗಿ ದುಡಿಯುವುದು ಬೇರೊಂದು ವಿಚಾರ. ಆ 70ರ ಸಂಖ್ಯೆಗೆ ಒಂದು ಹಳೆಯ ಸಾಕ್ಷಿಯೂ ಇದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರು, ಬಹುಪಾಲು ಹೆಂಗಸರು, ಎಷ್ಟು ಗಂಟೆಗೆ ಎಷ್ಟು ತಯಾರಿಸಿದರೆಂಬ ದಾಖಲೆ ಉಳಿದಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಪೆನ್ಕಾವೆಲ್ ಅವರು 2014ರಲ್ಲಿ ಅದನ್ನು ಹೊಸದಾಗಿ ಪರಿಶೀಲಿಸಿದರು. ವಾರಕ್ಕೆ ಐವತ್ತು ಗಂಟೆಯ ಆಸುಪಾಸು ದಾಟಿದ ಮೇಲೆ ಪ್ರತಿ ಹೆಚ್ಚಿನ ಗಂಟೆಯ ಫಲ ಕುಗ್ಗುತ್ತ ಹೋಗಿತ್ತು. 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರ ಉತ್ಪಾದನೆಗೂ ಹೆಚ್ಚಿನ ಅಂತರವಿರಲಿಲ್ಲ. ಕೈಯ ಕೆಲಸದಲ್ಲಿಯೇ ಹೀಗಾದರೆ ತಲೆಯ ಕೆಲಸದ ಪಾಡೇನು? ದಣಿದ ಕೈ ಕಡಿಮೆ ಮಾಡುತ್ತದೆ. ದಣಿದ ತಲೆ ತಪ್ಪು ಮಾಡುತ್ತದೆ, ಆ ತಪ್ಪನ್ನು ಹುಡುಕಲು ಮರುದಿನ ಇಬ್ಬರು ಬೇಕು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ವರದಿಯನ್ನು ಮನೆಯ ಹಿರಿಯರು ಗಮನಿಸತಕ್ಕದ್ದು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಮತ್ತು ಅದಕ್ಕೂ ಮೇಲ್ಪಟ್ಟು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದ್ರೋಗದಿಂದ ಮರಣಿಸುವ ಅಪಾಯ ಶೇಕಡಾ 17ರಷ್ಟು ಅಧಿಕವೆಂದು ಅದು ಹೇಳುತ್ತದೆ. ಹೆಣ್ಣು ಕೊಡುವಾಗ ಹುಡುಗನ ಸಂಬಳ ವಿಚಾರಿಸುವ ನಾವು ಅವನು ಎಷ್ಟು ಹೊತ್ತಿಗೆ ಮಲಗುತ್ತಾನೆಂಬುದನ್ನೂ ವಿಚಾರಿಸಿದರೆ ತಪ್ಪಾಗಲಾರದು.

ತಡವಾದ ಕೆಲಸಕ್ಕೆ ಹೊಸ ಜನರನ್ನು ಸೇರಿಸುವುದು ಮತ್ತೊಂದು ಸಾಮಾನ್ಯ ಉಪಾಯ. 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ಬೃಹತ್ ತಂತ್ರಾಂಶವೊಂದರ ನಿರ್ಮಾಣವನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ಎಂಬುವರು 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತಡವಾಗಿರುವ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುವುದೆಂದು ಅನುಭವದಿಂದ ಬರೆದರು. ಹೊಸಬರಿಗೆ ಕಲಿಸುವವರು ಹಳಬರೇ ಆಗಬೇಕಷ್ಟೆ. ಐದು ಜನರಿದ್ದರೆ ಇಬ್ಬಿಬ್ಬರ ನಡುವಣ ಮಾತುಕತೆಯ ದಾರಿಗಳು 10, ಹತ್ತು ಜನರಾದರೆ 45, ಐವತ್ತಾದರೆ 1,225. ದಾಸೋಹದ ಅಡುಗೆಮನೆಯಲ್ಲಿ ಬಡಿಸುವ ವೇಳೆಗೆ ಇಪ್ಪತ್ತು ಜನ ಹೊಸಬರು ನುಗ್ಗಿ ಉಪ್ಪೆಲ್ಲಿ, ಸೌಟೆಲ್ಲಿ ಎಂದು ಕೇಳುತ್ತಿದ್ದರೆ ಏನಾಗುವುದೆಂದು ಜಾತ್ರೆ ನಡೆಸಿದವರನ್ನು ಕೇಳಿ.

ಉತ್ಪಾದಕತೆಯನ್ನು ಅಳೆಯುವ ಬಗೆಯಲ್ಲಿಯೂ ನಗೆಪಾಟಲು ಕಡಿಮೆಯಿಲ್ಲ. 1982ರಲ್ಲಿ ಆಪಲ್ ಸಂಸ್ಥೆಯ ಒಂದು ವಿಭಾಗದಲ್ಲಿ, ಪ್ರತಿಯೊಬ್ಬರೂ ವಾರಕ್ಕೆ ಎಷ್ಟು ಸಾಲು ಸಂಕೇತ ಬರೆದರೆಂದು ನಮೂನೆ ತುಂಬಿ ಕೊಡಬೇಕೆಂಬ ನಿಯಮವಾಯಿತು. ಬಿಲ್ ಅಟ್ಕಿನ್ಸನ್ ಎಂಬ ಪ್ರತಿಭಾವಂತರು ಆ ವಾರ ಹಳೆಯ ರಚನೆಯೊಂದನ್ನು ತಿದ್ದಿ, ಮೊದಲಿಗಿಂತ ಆರು ಪಟ್ಟು ವೇಗವಾಗಿ ನಡೆಯುವಂತೆ ಮಾಡಿದ್ದರು. ಹಾಗೆ ಮಾಡುವಾಗ ಎರಡು ಸಾವಿರ ಸಾಲುಗಳು ಕಡಿಮೆಯಾಗಿದ್ದವು. ಅವರು ನಮೂನೆಯಲ್ಲಿ ಋಣ 2000 ಎಂದು ಬರೆದುಕೊಟ್ಟರು. ಕೆಲವು ವಾರಗಳ ತರುವಾಯ ಅವರಿಂದ ನಮೂನೆ ಕೇಳುವುದನ್ನೇ ಬಿಟ್ಟರಂತೆ. ಈಗಿನ ವಿವೇಕಿಗಳು ಅಳೆಯುವುದು ಬೇರೆ: ಬದಲಾವಣೆಯೊಂದು ಬರೆದ ದಿನದಿಂದ ಬಳಕೆಗೆ ಬರಲು ಎಷ್ಟು ಕಾಲ, ಎಷ್ಟು ಸಲ ಬಳಕೆಗೆ ಬಿಡುತ್ತಾರೆ, ಬಿಟ್ಟದ್ದರಲ್ಲಿ ಎಷ್ಟು ಕೆಟ್ಟಿತು, ಕೆಟ್ಟದ್ದು ಸರಿಹೋಗಲು ಎಷ್ಟು ಹೊತ್ತು. ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಸಣ್ಣ ಸಣ್ಣ ತುಣುಕುಗಳಾಗಿ ಬೇಗ ಬಿಡುವ ತಂಡಗಳಲ್ಲಿ ಕೆಡುವುದೂ ಕಡಿಮೆ. ಬೇಗವೂ ಬೇಕು, ಗಟ್ಟಿಯೂ ಬೇಕು ಎಂಬ ಎರಡಾಸೆ ಒಂದಕ್ಕೊಂದು ವಿರೋಧವೆಂದು ನಂಬಿದ್ದವರಿಗೆ ಇದು ಅಚ್ಚರಿ ತಂದಿತು.

ಇಷ್ಟರಲ್ಲಿ ಕೃತಕ ಬುದ್ಧಿಮತ್ತೆ ಬಂದಿದೆ. ಹೇಳಿದ್ದನ್ನು ಕ್ಷಣಾರ್ಧದಲ್ಲಿ ಸಂಕೇತವಾಗಿ ಬರೆದುಕೊಡುವ ಉಪಕರಣಗಳು ಪ್ರತಿ ಕಚೇರಿಯನ್ನೂ ಹೊಕ್ಕಿವೆ. ಇನ್ನು ನಮ್ಮ ಮಕ್ಕಳಿಗೆ ಕೆಲಸವಿರುತ್ತದೆಯೇ ಎಂದು ಎರಡು ಪತ್ರಗಳಲ್ಲಿ ಕೇಳಿದ್ದಾರೆ. ಮುಂದಿನದನ್ನು ಹೇಳಲು ನಾವು ಪಂಚಾಂಗದವರಲ್ಲ. ಆದರೆ 2025ರಲ್ಲಿ ಅಮೆರಿಕದ 'ಮೆಟರ್' ಎಂಬ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಒಂದು ಪ್ರಯೋಗ ಮನನೀಯ. ನುರಿತ 16 ಮಂದಿ ಅಭಿಯಂತರರು, ತಮಗೆ ಚೆನ್ನಾಗಿ ಪರಿಚಯವಿದ್ದ ತಂತ್ರಾಂಶಗಳಲ್ಲಿಯೇ, 246 ಕೆಲಸಗಳನ್ನು ಮಾಡಿದರು. ಕೆಲವಕ್ಕೆ ಈ ಉಪಕರಣ ಬಳಸಬಹುದು, ಕೆಲವಕ್ಕೆ ಬಳಸಕೂಡದು. ಉಪಕರಣದಿಂದ ತಮ್ಮ ಕೆಲಸ ಶೇಕಡಾ 20ರಷ್ಟು ಬೇಗನೆ ಆಯಿತೆಂದು ಅವರು ನಂಬಿದ್ದರು. ಗಡಿಯಾರ ನೋಡಿದಾಗ ಶೇಕಡಾ 19ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಅಂದಿನ ಉಪಕರಣಗಳು, ಅಂದಿನ ಕೆಲಸಗಾರರು. ಇದೇ ಕೊನೆಯ ಮಾತಲ್ಲ, ಉಪಕರಣಗಳು ತಿಂಗಳು ತಿಂಗಳಿಗೂ ಬದಲಾಗುತ್ತಿವೆ. ನಮಗೆ ಕಂಡದ್ದಿಷ್ಟು. ಯಂತ್ರದ ಗಾಣ ಬಂದಿತು. ಓದಿ, ತೂಗಿ, ಇದು ಸರಿಯೆಂದು ಸಹಿ ಹಾಕುವ ಕೊಪ್ಪರಿಗೆ ಮಾತ್ರ ಮನುಷ್ಯನ ತಲೆಯೇ. ಅದರ ಅಳತೆ ಹಿಗ್ಗಿಲ್ಲ. ಹಾಲು ಹೊಳೆಯಾಗಿ ಹರಿದು ಬರುತ್ತಿರುವಾಗ ರಾತ್ರಿ ಹನ್ನೊಂದರವರೆಗೆ ಕೂತವರು ಆ ಒಲೆಯ ಮುಂದೆ ಇರುವವರು.

ಇದೆಲ್ಲ ಕಚೇರಿಯ ವಿಚಾರವಾಯಿತು, ಮನೆಯವರು ಮಾಡುವುದೇನೆಂದು ಕೇಳಬಹುದು. 2020ರ ಮಹಾಮಾರಿಯ ಕಾಲದಿಂದ ಅನೇಕ ಮನೆಗಳ ಮೇಲಂತಸ್ತೇ ಕಚೇರಿಯಾಗಿದೆ. ಈಗಲೂ ವಾರದಲ್ಲಿ ಕೆಲವು ದಿನ ಊರಿನಿಂದಲೇ ದುಡಿಯುವವರಿದ್ದಾರೆ. ಮಗ ಮನೆಯಲ್ಲಿದ್ದಾನೆಂದರೆ ಬಿಡುವಾಗಿದ್ದಾನೆಂದು ಅರ್ಥವಲ್ಲ. ಗ್ಯಾಸಿನವನು ಬಂದ, ಸೋದರಮಾವ ಬಂದ, ಪಂಪ್‌ಸೆಟ್ಟಿನ ಫ್ಯೂಸ್ ಹೋಯಿತು ಎಂದು ಹತ್ತು ಸಲ ಕೂಗಿದರೆ ಓಲೆಪ್ರತಿಯ ಎಳೆ ಹತ್ತು ಸಲ ಕಡಿಯುತ್ತದೆ. ಹೀಗೆ ಕಡಿದುಹೋದ ಹಗಲನ್ನು ಅವನು ರಾತ್ರಿ ಜೋಡಿಸುತ್ತಾನೆ. ಬೆಳಿಗ್ಗೆ ಮೂರು ಗಂಟೆ ಅವನ ಬಾಗಿಲನ್ನು ತಟ್ಟದಿದ್ದರೆ ರಾತ್ರಿಯ ಊಟಕ್ಕೆ ಅವನು ಪಂಕ್ತಿಯಲ್ಲಿ ಕೂರಬಹುದು. ದಿನವೂ ಎಷ್ಟು ಗಂಟೆ ದುಡಿದೆ ಎಂದು ಕೇಳುವ ತಂದೆಯವರು ಈ ವಾರ ಯಾವುದನ್ನು ಮುಗಿಸಿದೆ ಎಂದು ಕೇಳಿ ನೋಡಲಿ. ಕೃಷ್ಣರಾಜಪೇಟೆಯ ಒಂದು ಮನೆಯಲ್ಲಿ ಹಾಗೆ ಕೇಳತೊಡಗಿದ ಮೇಲೆ, ಮಗನಿಗೆ ಮೊದಮೊದಲು ಉತ್ತರವೇ ತೋಚದೆ ಕಕ್ಕಾಬಿಕ್ಕಿಯಾಯಿತಂತೆ. ಏಳು ಕೆಲಸ ಹಿಡಿದಿದ್ದನು, ಒಂದೂ ಮುಗಿದಿರಲಿಲ್ಲ.

ಕೊನೆಯದಾಗಿ ನಾಗಮಂಗಲದಿಂದ ಬಂದ ಪತ್ರ. ಬರೆದವರು ನಿವೃತ್ತ ಉಪಾಧ್ಯಾಯರು. ಮಗಳ ತಂಡದ ಕೆಲಸ ತಡವಾಗಿದೆಯೆಂದು ಮುಂದಿನ ಎರಡು ತಿಂಗಳು ಶನಿವಾರ ಭಾನುವಾರಗಳೂ ರಜೆಯಿಲ್ಲವೆಂದು ತಿಳಿಸಿದ್ದಾರಂತೆ. ಕೆಲಸ ಬಿಟ್ಟು ಬಾ ಎನ್ನಲೇ, ಸಹಿಸಿಕೋ ಎನ್ನಲೇ ಎಂದು ಕೇಳಿದ್ದಾರೆ. ಎರಡನ್ನೂ ಹೇಳಬೇಡಿರೆಂದು ಉತ್ತರಿಸಿದ್ದೇವೆ. ಮಗಳು ಒಂದು ಹಾಳೆಯಲ್ಲಿ ಕಳೆದ ನಾಲ್ಕು ವಾರದ ಲೆಕ್ಕ ಬರೆಯಲಿ. ತಂಡದ ಕೈಯಲ್ಲಿ ಎಷ್ಟು ಕೆಲಸಗಳು ಬಿದ್ದಿವೆ, ಎಷ್ಟು ಮುಗಿದವು, ಮುಗಿಯದ ಪ್ರತಿಯೊಂದೂ ಯಾರ ಮುಂದೆ ಎಷ್ಟು ದಿನ ಕಾಯಿತು. ದೂರು ಬೇಡ, ಲೆಕ್ಕವಿರಲಿ. ಅದನ್ನು ಮುಖ್ಯಸ್ಥರ ಮುಂದಿಟ್ಟು, ಭಾನುವಾರ ಬರುವ ಮೊದಲು ಇವುಗಳಲ್ಲಿ ಯಾವ ಅರ್ಧವನ್ನು ಸದ್ಯಕ್ಕೆ ಕೆಳಗಿಡಬಹುದೆಂದು ಕೇಳಲಿ. ವಿವೇಕಿಯಾದ ಮುಖ್ಯಸ್ಥನು ಆ ಹಾಳೆಯನ್ನು ಬಿಡಲಾರನು. ಅವನು ಅದನ್ನು ಓದದೆ ಪಕ್ಕಕ್ಕೆ ಸರಿಸಿದರೆ, ಅಲ್ಲಿ ಇರಬೇಕೋ ಬೇಡವೋ ಎಂಬುದನ್ನು ನಿರ್ಣಯಿಸಲು ಮಗಳಿಗೆ ಅದೇ ಹಾಳೆ ಸಾಕು. ಆಕೆ ಬರುವ ಹುಣ್ಣಿಮೆಗೆ ಊರಿಗೆ ಬರುವಳೆಂದು ತಂದೆಯವರು ತಿಳಿಸಿದ್ದಾರೆ. ಬರುವಾಗ ಆ ಹಾಳೆಯ ಒಂದು ಪ್ರತಿಯನ್ನು ತರುವಂತೆ ಹೇಳಿದ್ದೇವೆ.